ಇಟ್ಟಿದ್ದು, ಬಳಸಿದ್ದು: ಬರೋಸಾ ಕಣಿವೆಯಲ್ಲಿ ಅವ್ವನ ಜೊತೆ ನಾಲ್ಕು ದಿನ

ಅವ್ವ ಅಡಿಲೇಡಿಗೆ ಬಂದಿಳಿದ ದಿನ ಅವಳ ಸೂಟ್‌ಕೇಸು ವಿಮಾನ ನಿಲ್ದಾಣದ ಮೇಜಿನ ಮೇಲೆ ಮುಕ್ಕಾಲು ಗಂಟೆ ಬಾಯಿ ತೆರೆದುಕೊಂಡು ಕೂತಿತ್ತಂತೆ. ಶ್ಯಾವಿಗೆ, ಹಪ್ಪಳ, ಗುರೆಳ್ಳು ಚಟ್ನಿ, ಕಟಕ ರೊಟ್ಟಿ, ಎರಡು ಕೌದಿ, ಮರದ ಒಂದು ಕಡಗೋಲು. ಸೀರೆಯ ಚೂರಿನಲ್ಲಿ ಗಂಟು ಕಟ್ಟಿದ ಹೀರೆ ಮತ್ತು ಅವರೆ ಬೀಜ. ಚೀಟಿಯಲ್ಲಿ ಎಲ್ಲದಕ್ಕೂ 'ಹೌದು' ಅಂತ ಗುರುತು ಹಾಕು ಎಂದು ಫೋನಿನಲ್ಲಿ ಹತ್ತು ಸಲ ಹೇಳಿದ್ದರಿಂದ ದಂಡ ಬೀಳಲಿಲ್ಲ. ಬೀಜ ಮಾತ್ರ ಹೋಯಿತು. ಕಡಗೋಲನ್ನು ತಿರುಗಿಸಿ ತಿರುಗಿಸಿ ಹುಳದ ತೂತು ಇದೆಯೇ ಎಂದು ನೋಡಿ ವಾಪಸು ಕೊಟ್ಟರಂತೆ. "ಮಜ್ಜಿಗಿ ಕಡಿಯೂ ಕೋಲಿಗೆ ಇಷ್ಟ್ಯಾಕ ತಪಾಸಣಿ" ಎಂದು ಅವ್ವನಿಗೆ ಮನೆ ಮುಟ್ಟುವವರೆಗೂ ಸಿಟ್ಟು.

ನಮ್ಮ ಮನೆ ಇರುವುದು ಕ್ಲೆಮ್ಜಿಗ್‌ನಲ್ಲಿ. ನಾಲ್ಕು ವರ್ಷದಿಂದ ದಿನಾ ಬೆಳಿಗ್ಗೆ ಅಲ್ಲಿಂದಲೇ ಓ-ಬಾನ್ ಬಸ್ಸು ಹತ್ತುತ್ತೇನೆ, ಆದರೆ ಆ ಹೆಸರು ಎಲ್ಲಿಯದು ಎಂದು ಕೇಳಿಕೊಂಡಿರಲಿಲ್ಲ. ಕೇಳಿದವಳು ಅವ್ವ. ಹುಡುಕಿದರೆ ಅದು ಹಳೆಯ ಜರ್ಮನ್ ರಾಜ್ಯ ಪ್ರಷ್ಯಾದ ಒಂದು ಹಳ್ಳಿ, ಈಗ ಪೋಲೆಂಡಿನಲ್ಲಿದೆ. ಅಲ್ಲಿನ ಪಾದ್ರಿ ಆಗಸ್ಟ್ ಕಾವೆಲ್ 1838ರಲ್ಲಿ ತನ್ನ ಸಭೆಯ ಜನರನ್ನು ಕರೆದುಕೊಂಡು ಬಂದು ಟೊರೆನ್ಸ್ ನದಿಯ ದಂಡೆಯಲ್ಲಿ, ಅಂದರೆ ನಮ್ಮ ಬಸ್‌ಸ್ಟಾಪಿನ ಆಸುಪಾಸಿನಲ್ಲಿ, ದಕ್ಷಿಣ ಆಸ್ಟ್ರೇಲಿಯಾದ ಮೊದಲ ಜರ್ಮನ್ ಊರು ಕಟ್ಟಿಸಿದ. ಮೊದಲ ಮಹಾಯುದ್ಧ ಬಂದಾಗ 1917ರ ಕಾಯಿದೆ ಮಾಡಿ ದಕ್ಷಿಣ ಆಸ್ಟ್ರೇಲಿಯಾದ 69 ಜರ್ಮನ್ ಹೆಸರುಗಳನ್ನು ಅಳಿಸಿದರು. ಕ್ಲೆಮ್ಜಿಗ್ 'ಗಾಜಾ' ಆಯಿತು. 1935ರಲ್ಲಿ ಹಳೆಯ ಹೆಸರು ಮರಳಿತು, ಆದರೆ ಇಲ್ಲಿನ ಫುಟ್‌ಬಾಲ್ ಕ್ಲಬ್ಬಿನ ಹೆಸರು ಇವತ್ತಿಗೂ ಗಾಜಾ.

"ಅವರೂ ಬೀಜಾ ತಂದಿದ್ದರೇನು?" ಅವ್ವನ ಎರಡನೆಯ ಪ್ರಶ್ನೆ. ಆ ಜರ್ಮನ್ನರು ನೆಲೆಸಿದ ಊರುಗಳನ್ನು ಬರೋಸಾ ಕಣಿವೆಯವರೆಗೆ ನೋಡಿಬರಲು ಏಪ್ರಿಲ್ ಕೊನೆಯಲ್ಲಿ ನಾಲ್ಕು ದಿನ ರಜೆ ಹಾಕಿದೆ. ಹೆಂಡತಿಗೆ ಆಸ್ಪತ್ರೆಯಲ್ಲಿ ಪಾಳಿ ಇತ್ತು. ನಾನು, ಅವ್ವ, ಹಿಂದಿನ ಸೀಟಿನಲ್ಲಿ ಒಂದು ಕೌದಿ. ಚಳಿಗೆ ಕೌದಿ ಇಲ್ಲದೆ ಅವಳು ಹೊರಡುವವಳಲ್ಲ.

ಮೊದಲ ದಿನ: ಹಾನ್‌ಡಾರ್ಫ್

ಹೆದ್ದಾರಿ ಬೆಟ್ಟ ಹತ್ತಿದ ಅರ್ಧ ಗಂಟೆಗೆ ಹಾನ್‌ಡಾರ್ಫ್. ಮಂಜು ಎಷ್ಟಿತ್ತೆಂದರೆ ಮುಂದಿನ ಲಾರಿಯ ಕೆಂಪು ದೀಪವಷ್ಟೇ ಕಾಣುತ್ತಿತ್ತು. ಊರಿನೊಳಗೆ ಕಾಲಿಟ್ಟಾಗ ಬಿಸಿಲು ಬಂದು ರಸ್ತೆಯ ಎರಡೂ ಬದಿಯ ಮರಗಳು ಅರಿಶಿನ-ಕುಂಕುಮ ಕಲಸಿದ ಹಾಗೆ ಹೊಳೆದವು. ಮೊದಲು ಖುಷಿ, ಆಮೇಲೆ ಸ್ವಲ್ಪ ಬೇಸರ. ಮುಖ್ಯ ಬೀದಿಯ ತುಂಬ ಕೋಗಿಲೆ ಗಡಿಯಾರ, ಬಿಯರ್ ಮಗ್ಗು, ಮೊಳಕಾಲು ಉದ್ದದ ಸಾಸೇಜು. ಕೋಗಿಲೆ ಗಡಿಯಾರ ಜರ್ಮನಿಯ ನೈಋತ್ಯ ಮೂಲೆಯ ಕಾಡಿನದು, ಇಲ್ಲಿಗೆ ಬಂದವರು ಪೂರ್ವದ ಬ್ರಾಂಡೆನ್‌ಬರ್ಗ್, ಸೈಲೀಸಿಯಾ, ಪೋಸೆನ್ ಕಡೆಯವರು. ಧಾರವಾಡದವರ ಮನೆ ಎಂದು ತೋರಿಸಿ ಬಾಗಿಲಿಗೆ ಕಥಕಳಿ ಮುಖವಾಡ ತೂಗುಹಾಕಿದ ಹಾಗೆ.

ಅವರು ಬಂದ ಹಡಗು 'ಜೀಬ್ರಾ'. 1838ರ ಆಗಸ್ಟಿನಲ್ಲಿ ಜರ್ಮನಿಯ ದಡ ಬಿಟ್ಟದ್ದು ಡಿಸೆಂಬರ್ 28ಕ್ಕೆ ಪೋರ್ಟ್ ಅಡಿಲೇಡ್ ಮುಟ್ಟಿತು. ಕಪ್ತಾನ ಡಿರ್ಕ್ ಹಾನ್ ಜನರನ್ನು ಇಳಿಸಿ ತನ್ನ ಪಾಡಿಗೆ ಹೋಗಬಹುದಿತ್ತು. ಹಾಗೆ ಮಾಡದೆ ಅವರಿಗೆ ಜಮೀನು ಸಿಗುವವರೆಗೆ ಓಡಾಡಿದ. ಆ ಋಣಕ್ಕೆ ಊರಿಗೇ ಅವನ ಹೆಸರು. ಇಲ್ಲಿನ ಮೂಲನಿವಾಸಿಗಳಾದ ಪೆರಮಂಕ್ ಜನ ಅದಾಗಲೇ ಆ ಜಾಗವನ್ನು ಬುಕಾರ್ಟಿಲ್ಲಾ ಎಂದು ಕರೆಯುತ್ತಿದ್ದರು. ಮೊದಲ ವರ್ಷ ಹೊಸಬರಿಗೆ ಏನು ತಿನ್ನಬಹುದು ಎಂದು ತೋರಿಸಿಕೊಟ್ಟವರೂ ಅವರೇ.

1857ರಲ್ಲಿ ಶಾಲೆಯಾಗಿ ಕಟ್ಟಿದ ಹಾನ್‌ಡಾರ್ಫ್ ಅಕಾಡೆಮಿಯಲ್ಲಿ ಈಗ ವಲಸೆಯ ಮ್ಯೂಸಿಯಂ ಇದೆ. ಒಳಗಿನ ಮೌನದಲ್ಲಿ ಅವ್ವನ ಹೊಸ ಬೂಟು ಕಿರ್ ಕಿರ್ ಎನ್ನುತ್ತಿತ್ತು. ಅವಳಿಗೆ ಓದಲು ಬಾರದ ಫಲಕಗಳನ್ನು ನಾನು ಓದಿ ಹೇಳುವ ಮೊದಲೇ ಅವಳು ಮುಂದಿನ ವಸ್ತುವಿಗೆ ಹೋಗಿಬಿಡುತ್ತಿದ್ದಳು. ಅಡ್ಡಡ್ಡ ಗೆರೆ ಕೊರೆದ ಉದ್ದನೆಯ ಹಲಗೆಯೊಂದರ ಚಿತ್ರ ಕಂಡು, "ಶ್ಯಾವಿಗಿ ಮಣಿ!" ಎಂದು ತೀರ್ಪು ಕೊಟ್ಟಳು. ಅಲ್ಲಿದ್ದ ಸ್ವಯಂಸೇವಕಿಯನ್ನು ಕೇಳಿದರೆ, ಅದು ಬಟ್ಟೆಯ ಸುಕ್ಕು ತೆಗೆಯುವ ಹಲಗೆ. ಒದ್ದೆ ಲಿನನ್ ಬಟ್ಟೆಯನ್ನು ಕೊರಡಿಗೆ ಸುತ್ತಿ, ಮೇಲೆ ಈ ಹಲಗೆ ಒತ್ತಿ ಉರುಳಿಸುತ್ತಿದ್ದರು. ಉತ್ತರ ಜರ್ಮನಿಯಲ್ಲಿ ಮದುವೆಗೆ ಮುಂಚೆ ಗಂಡು ಇಂಥದ್ದನ್ನು ಕೆತ್ತಿ ಹೆಣ್ಣಿಗೆ ಕೊಡುವುದಿತ್ತು. "ಕೆಲಸಾನ ಉಡುಗೊರಿ ಕೊಟ್ಟಾನ ಹಂಗಾರ" ಎಂದಳು ಅವ್ವ. ಅನುವಾದ ಮಾಡಿದೆ. ಸ್ವಯಂಸೇವಕಿ ಬಾಯಿ ಮುಚ್ಚಿಕೊಂಡು ನಕ್ಕರು.

ಹೊರಗೆ ಬರುವಷ್ಟರಲ್ಲಿ ಬೂಟು ಕಚ್ಚಿ ಅವ್ವನ ಹಿಮ್ಮಡಿ ಸುಲಿದಿತ್ತು. ಬಿಚ್ಚಿ ಕೈಯಲ್ಲಿ ಹಿಡಿದಳು. ಆಸ್ಟ್ರೇಲಿಯಾದಲ್ಲಿ ಬರಿಗಾಲಲ್ಲಿ ಓಡಾಡಿದರೆ ಯಾರೂ ತಿರುಗಿ ನೋಡುವುದಿಲ್ಲ, ನನಗೇ ಮುಜುಗರ. ಹಿಂದೆಯೇ ಬಂದ ಸ್ವಯಂಸೇವಕಿ, "ಇವರು ಸರಿಯಾದ ಊರಿಗೇ ಬಂದಿದ್ದಾರೆ" ಎಂದರು. ಹಾನ್‌ಡಾರ್ಫಿನ ಹೆಂಗಸರು ಬೆಣ್ಣೆ, ಮೊಟ್ಟೆ, ತರಕಾರಿ ಹೊತ್ತುಕೊಂಡು ನಡುರಾತ್ರಿ ಹೊರಟು, ಗುಡ್ಡ ಇಳಿದು, ಬೆಳಗಾಗುವ ಹೊತ್ತಿಗೆ ಅಡಿಲೇಡ್ ಸಂತೆ ಸೇರುತ್ತಿದ್ದರು. ದಾರಿಯುದ್ದಕ್ಕೂ ಬರಿಗಾಲು. ಊರ ಅಂಚಿನ ಬೋಮಾಂಟ್ ಹತ್ತಿರದ ಹಳ್ಳದಲ್ಲಿ ಕಾಲು ತೊಳೆದು, ಕಾಲುಚೀಲ ಬೂಟು ಹಾಕಿಕೊಂಡು ಪೇಟೆಗೆ ಕಾಲಿಡುವುದು. ವಾಪಸು ಬರುವಾಗ ಚರ್ಚು ಕಟ್ಟಲು ತಲಾ ಎರಡು ಇಟ್ಟಿಗೆ ಹೊತ್ತು ತರುತ್ತಿದ್ದರು ಎಂಬ ಮಾತೂ ಇದೆ. ಆ ದಾರಿ ಈಗಲೂ ಉಂಟು, 26 ಕಿಲೋಮೀಟರ್, ವರ್ಷಕ್ಕೊಮ್ಮೆ ಜನ ಸೇರಿ ನಡೆಯುತ್ತಾರೆ.

ಅವ್ವನಿಗೆ ಇದರಲ್ಲಿ ಆಶ್ಚರ್ಯ ಪಡುವಂಥದ್ದು ಏನೂ ಕಾಣಲಿಲ್ಲ. "ನಮ್ಮ ಆಯಿ ಹುಬ್ಬಳ್ಳಿ ಸಂತಿಗೆ ಹಂಗ ಹೋಗತಿದ್ದಳು. ಚಪ್ಪಲಿ ಕಂಕಳಾಗ. ಕಾಲು ಸವದರ ಮತ್ತ ಬರತೈತಿ, ಚಪ್ಪಲಿ ಬರತೈತೇನು?" ಊರಿಗೆ ಕಪ್ತಾನನ ಹೆಸರು ಇಟ್ಟದ್ದು ತಪ್ಪಲ್ಲ. ಆದರೂ ನಾಲ್ಕು ತಿಂಗಳು ಹಡಗು ನಡೆಸಿದವನಿಗೆ ಊರು, ವರ್ಷಗಟ್ಟಲೆ ಬುಟ್ಟಿ ಹೊತ್ತವರಿಗೆ ಒಂದು ಕಾಲುದಾರಿ ಅಂದರೆ ಲೆಕ್ಕ ಸರಿಹೋಗಲಿಲ್ಲ ನನಗೆ.

ಊಟದ ಕಥೆ ಚಿಕ್ಕದು. ಹುಳಿ ಎಲೆಕೋಸು ತರಿಸಿದೆ, ತರಕಾರಿ ತಾನೇ ಎಂದು. ಅದರೊಳಗೆ ಹಂದಿಮಾಂಸದ ಚೂರು. ಸಸ್ಯಾಹಾರಿಗಳು ಇಲ್ಲಿ ಬಾಯಿಬಿಟ್ಟು ಕೇಳಿಯೇ ಆರ್ಡರ್ ಮಾಡಬೇಕು, ನಾನು ಕೇಳಿರಲಿಲ್ಲ. ಅವ್ವ ಒಂದು ಪ್ರೆಟ್ಜೆಲ್ ಮುರಿದು, ಬ್ಯಾಗಿನಿಂದ ಗುರೆಳ್ಳು ಚಟ್ನಿ ತೆಗೆದು ಹಚ್ಚಿಕೊಂಡು ತಿಂದಳು. ರುಚಿ ನೋಡಿದೆ, ಕೆಟ್ಟದ್ದೇನಿರಲಿಲ್ಲ.

ಎರಡನೇ ದಿನ: ಲೋಬೆತಾಲ್, ಸ್ಪ್ರಿಂಗ್‌ಟನ್

ನೇರ ಹೆದ್ದಾರಿ ಬಿಟ್ಟು ಬಲ್ಹಾನಾ, ಓಕ್‌ಬ್ಯಾಂಕ್, ವುಡ್‌ಸೈಡ್ ಮೇಲೆ ಹೋದೆವು. ಇಕ್ಕಟ್ಟಾದ, ಏರಿಳಿತದ ದಾರಿ. ಸೇಬಿನ ತೋಟ ಮುಗಿದರೆ ದ್ರಾಕ್ಷಿ, ದ್ರಾಕ್ಷಿ ಮುಗಿದರೆ ಹಸು. ಲೋಬೆತಾಲ್ ಅಂದರೆ ಸ್ತುತಿಯ ಕಣಿವೆ. ಕಾವೆಲ್‌ನ ಹಿಂದೆ 1841ರಲ್ಲಿ ಬಂದ ಇನ್ನೊಬ್ಬ ಪಾದ್ರಿ ಫ್ರಿಟ್ಷೆಯ ಜನ ಮರುವರ್ಷ ನೆಲೆನಿಂತ ಊರು. ಪಾದ್ರಿಗಳನ್ನು ತಯಾರು ಮಾಡಲು 1845ರಲ್ಲಿ ಕಟ್ಟಿದ ಪುಟ್ಟ ಕಟ್ಟಡವೊಂದು ಅಲ್ಲಿನ ಮ್ಯೂಸಿಯಂನಲ್ಲಿದೆ ಎಂದು ಓದಿಕೊಂಡು ಹೋಗಿದ್ದೆ. ಬಾಗಿಲು ಹಾಕಿತ್ತು. ಈ ಕಡೆಯ ಸಣ್ಣ ಮ್ಯೂಸಿಯಂಗಳನ್ನು ನಡೆಸುವವರು ನಿವೃತ್ತ ಸ್ವಯಂಸೇವಕರು, ವಾರದಲ್ಲಿ ಕೆಲವೇ ತಾಸು ತೆರೆಯುತ್ತಾರೆ. ಹಿಂದಿನ ದಿನ ಫೋನ್ ಮಾಡಿದ್ದರೆ ನಮ್ಮ ಪೆಟ್ರೋಲು ಉಳಿಯುತ್ತಿತ್ತು.

ಆ ಬಾಗಿಲ ಮುಂದೆ ಕೂತು ಥರ್ಮಾಸ್ ಚಹಾ ಕುಡಿಯುತ್ತ, ಇವರು ಊರು ಬಿಟ್ಟದ್ದು ಯಾಕೆ ಎಂದು ಅವ್ವನಿಗೆ ಹೇಳಿದೆ. ಪ್ರಷ್ಯಾದ ದೊರೆ ಮೂರನೆಯ ಫ್ರೆಡರಿಕ್ ವಿಲ್ಹೆಲ್ಮ್ ಎರಡು ಪ್ರೊಟೆಸ್ಟೆಂಟ್ ಪಂಥಗಳನ್ನು ಒಂದುಮಾಡಿ, ಎಲ್ಲರೂ ಹೊಸ ಪೂಜಾಕ್ರಮವನ್ನೇ ಅನುಸರಿಸಬೇಕು ಎಂದ. ಹಳೆಯ ಲೂಥರನ್ನರು ಒಪ್ಪಲಿಲ್ಲ. ಪಾದ್ರಿಗಳಿಗೆ ಜೈಲು, ಜನರಿಗೆ ದಂಡ. ಲಂಡನ್ನಿನ ವ್ಯಾಪಾರಿ ಜಾರ್ಜ್ ಫೈಫ್ ಆಂಗಸ್ ಸಾಲ ಕೊಟ್ಟು ಹಡಗು ಹತ್ತಿಸಿದ. ಅವನಿಗೆ ಹೊಸ ವಸಾಹತಿನಲ್ಲಿ ದುಡಿಯುವ ರೈತರು ಬೇಕಿದ್ದರು. "ಅಂದ್ರ ಒಂದು ಹಾಡಿನ ಪುಸ್ತಕದ ಸಲುವಾಗಿ?" ಎಂದಳು ಅವ್ವ. ಬಹುಮಟ್ಟಿಗೆ ಹೌದು. ಹಾಗಾಗಿಯೇ ಎಲ್ಲ ಮ್ಯೂಸಿಯಂಗಳಲ್ಲೂ ಅದೇ ಕರಿ ಚರ್ಮದ ಹೊದಿಕೆಯ ಹಾಡಿನ ಪುಸ್ತಕ, ಅದೇ ಬೈಬಲ್ ಕಾಣುವುದು. ಅದು ಪೆಟ್ಟಿಗೆಯೊಳಗಿನ ಸಾಮಾನಲ್ಲ, ಪೆಟ್ಟಿಗೆ ಕಟ್ಟಿದ್ದೇ ಅದಕ್ಕಾಗಿ. ಅದೇ ದಶಕದಲ್ಲಿ, 1834ರಲ್ಲಿ, ಬಾಸೆಲ್ ಮಿಷನ್ನಿನ ಜರ್ಮನ್ನರು ಮಂಗಳೂರಿನಲ್ಲಿ ಇಳಿದು, ಕೆಲವೇ ವರ್ಷಗಳಲ್ಲಿ ಧಾರವಾಡಕ್ಕೂ ಬಂದಿದ್ದರು. ನಮ್ಮಜ್ಜ ಕಲಿತದ್ದು ಅವರ ಶಾಲೆಯಲ್ಲಿ. ಅವರು ಬೇರೆ ಊರಿನ, ಬೇರೆ ಉದ್ದೇಶದ ಜನ. ಅವ್ವ ಮಾತ್ರ, "ಎಲ್ಲಾ ಒಂದ ಹಡಗಿನ್ಯಾಗ ಹತ್ತಿ ಅರ್ಧ ಮಂದಿ ನಮ್ಮಲ್ಲಿ ಇಳದಾರ" ಎಂದು ತನ್ನದೇ ಇತಿಹಾಸ ಮಾಡಿಕೊಂಡಳು.

ಬರ್ಡ್‌ವುಡ್ ದಾಟುವಾಗ ಅದರ ಹಳೆಯ ಹೆಸರು ಬ್ಲೂಮ್‌ಬರ್ಗ್ ಎಂಬುದು ನೆನಪಾಯಿತು. ಈ ಊರಿಗೆ ಹಳೆಯ ಹೆಸರು ವಾಪಸು ಬರಲೇ ಇಲ್ಲ, ಬ್ರಿಟಿಷ್ ದಂಡನಾಯಕನ ಹೆಸರೇ ನಿಂತಿತು. ಮೌಂಟ್ ಪ್ಲೆಸೆಂಟ್ ದಾಟಿದ ಮೇಲೆ ಫೋನಿನ ಸಿಗ್ನಲ್ ಸತ್ತಿತು. ನಕ್ಷೆಯನ್ನು ಮೊದಲೇ ಇಳಿಸಿಕೊಂಡಿದ್ದರೆ ಚೆನ್ನಿತ್ತು. ದಾರಿ ತಪ್ಪಿ ಮಣ್ಣಿನ ರಸ್ತೆಯಲ್ಲಿ ಒಂದು ಗೇಟಿನ ಮುಂದೆ ನಿಂತೆವು. ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದ ಮುದುಕ ದಾರಿ ಹೇಳಿ, ಹಾಗೇ ಆಕಾಶ ತೋರಿಸಿ, "ಆನ್ಜಾಕ್ ದಿನಕ್ಕೆ ಬಿತ್ತನೆ ಶುರುವಾಗಬೇಕು, ಮಳೆಯೇ ಇಲ್ಲ" ಎಂದ. ಆನ್ಜಾಕ್ ದಿನ ಅಂದರೆ ಇಲ್ಲಿ ಸೈನಿಕರನ್ನು ನೆನೆಯುವ ದಿನ. ಮಳೆಯ ಮಾತಿಗೆ ಅನುವಾದ ಬೇಕಾಗಲಿಲ್ಲ. ಅವ್ವ ತಾನೂ ಆಕಾಶ ನೋಡಿ ತಲೆಯಾಡಿಸಿದಳು. ಇಬ್ಬರೂ ಒಂದೇ ಮೋಡವನ್ನು ಅನುಮಾನದಿಂದ ನೋಡುತ್ತ ನಿಂತರು.

ಸ್ಪ್ರಿಂಗ್‌ಟನ್ನಿನ ಮರವನ್ನು ರಸ್ತೆಯಿಂದಲೇ ನೋಡಬಹುದು. ದೊಡ್ಡ ರೆಡ್ ಗಮ್ ಮರ, ಬುಡ ಪೂರ್ತಿ ಟೊಳ್ಳು. ಸೈಲೀಸಿಯಾದಿಂದ ಬಂದ ಫ್ರೆಡರಿಕ್ ಹೆರ್ಬಿಗ್ 1855ರಲ್ಲಿ ಈ ಪೊಟರೆಯಲ್ಲಿ ಸಂಸಾರ ಹೂಡಿದ, ಮೊದಲು ಒಂಟಿಯಾಗಿ. 1858ರಲ್ಲಿ ಮದುವೆಯಾಗಿ ಹೆಂಡತಿ ಕ್ಯಾರೊಲಿನ್‌ಳನ್ನೂ ಇಲ್ಲಿಗೇ ಕರೆತಂದ. ಹದಿನಾರು ಮಕ್ಕಳಲ್ಲಿ ಮೊದಲ ಎರಡು ಹುಟ್ಟಿದ್ದು ಮರದೊಳಗೆ. 1860ರಲ್ಲಿ ಹತ್ತಿರವೇ ಗುಡಿಸಲು ಕಟ್ಟಿಕೊಂಡರು.

ಪ್ರವಾಸಿಗರು ಫೋಟೋ ತೆಗೆದು ಐದು ನಿಮಿಷದಲ್ಲಿ ಹೊರಡುವ ಜಾಗ. ಅವ್ವ ಬೇಲಿಯ ಹತ್ತಿರ ನಿಂತು ಕೈಯಲ್ಲೇ ಮಾಪನ ಹಾಕತೊಡಗಿದಳು. ತೊಟ್ಟಿಲು ಎಲ್ಲಿ ಕಟ್ಟಿದರು, ಒಲೆ ಎಲ್ಲಿ ಹೂಡಿದರು, ಒಳಗೆ ಹೂಡಿದರೆ ಮರಕ್ಕೆ ಬೆಂಕಿ ಹತ್ತುವುದಿಲ್ಲವೇ, ಮದುವೆಗೆ ತವರಿನವರು ಕೊಟ್ಟ ಪೆಟ್ಟಿಗೆ ಈ ಬಾಗಿಲಲ್ಲಿ ಹೊಕ್ಕಿತೇ. ಒಂದಕ್ಕೂ ಫಲಕದಲ್ಲಿ ಉತ್ತರವಿಲ್ಲ. ನನಗೆ ಮರ ವಿಚಿತ್ರವಾಗಿ ಕಂಡರೆ, ಅವಳಿಗೆ ಅದು ಸಣ್ಣ ಮನೆಯಾಗಿ ಕಂಡಿತ್ತು. ನೊಣಗಳು ಮುತ್ತಿಕೊಂಡಾಗಲೇ ಅವಳು ಅಲ್ಲಿಂದ ಕದಲಿದ್ದು.

ಅಲ್ಲಿಂದ ಮುಂದೆ, ಒಂದು ಫಾರ್ಮ್ ಗೇಟಿನ ಬಳಿ ಮೇಜಿನ ಮೇಲೆ ಕ್ವಿನ್ಸ್ ಹಣ್ಣಿನ ಚೀಲಗಳು, ಪಕ್ಕದಲ್ಲಿ ದುಡ್ಡು ಹಾಕುವ ಡಬ್ಬಿ, ಕಾಯುವವರಿಲ್ಲ. ಈ ಕಡೆ ಬರುವವರು ಚಿಲ್ಲರೆ ಇಟ್ಟುಕೊಂಡಿರಬೇಕು. ಕಾರ್ಡು ನಂಬಿ ಬಂದ ನಾನು ಸೀಟಿನ ಕೆಳಗೆಲ್ಲ ತಡಕಾಡಿ ನಾಣ್ಯ ಹೆಕ್ಕಿದೆ. ಅವ್ವ ಒಂದು ಹಣ್ಣು ಕಚ್ಚಿ, ಹಲ್ಲು ಜುಮ್ಮೆಂದು, "ಕಲ್ಲು" ಎಂದು ಬಿಸಾಡುವುದರಲ್ಲಿದ್ದಳು.

ಮೂರನೇ ದಿನ: ತಾನುಂಡಾ, ಬೆಥನಿ

ಈ ದಿನಾಂಕವನ್ನು ನೋಡದೆ ಯೋಜನೆ ಹಾಕಿದವನು ನಾನೇ. ಏಪ್ರಿಲ್ 25, ಆನ್ಜಾಕ್ ದಿನ. ಮಧ್ಯಾಹ್ನದವರೆಗೆ ತಾನುಂಡಾದಲ್ಲಿ ಅಂಗಡಿ ಬಾಗಿಲೆಲ್ಲ ಬಂದ್. ಚುಮುಚುಮು ಬೆಳಕಿನಲ್ಲಿ ಸೈನಿಕರ ಸ್ಮರಣೆಗೆ ಸೇರಿದ್ದ ಜನ ಮನೆಗೆ ಮರಳುತ್ತಿದ್ದರು, ಕೋಟಿನ ಮೇಲೆ ಪದಕ, ಹಸಿರು ರೋಸ್‌ಮೇರಿ ಎಳೆ. ಈ ಕಣಿವೆಯ ಜರ್ಮನ್ ಮನೆತನಗಳ ಹುಡುಗರೂ ಆಸ್ಟ್ರೇಲಿಯಾದ ಪರವಾಗಿ ಜರ್ಮನಿಯ ಮೇಲೆ ಯುದ್ಧಕ್ಕೆ ಹೋಗಿದ್ದರು. ಅದೇ ಹೊತ್ತಿನಲ್ಲಿ, 1917ರಲ್ಲಿ, ಸರ್ಕಾರ 49 ಲೂಥರನ್ ಶಾಲೆಗಳಿಗೆ ಬೀಗ ಹಾಕಿತು.

ಎಲ್ಲ ಮುಚ್ಚಿದ್ದರಿಂದ ಬೆಥನಿಗೆ ನಡೆದೇ ಹೋಗೋಣ ಎಂದಾಯಿತು. ಅವ್ವನ ಕಾಲಿಗೆ ಈಗ ನನ್ನ ಸ್ಯಾಂಡಲ್, ಅದರೊಳಗೆ ಉಣ್ಣೆ ಕಾಲುಚೀಲ. 1842ರಲ್ಲಿ ನೆಲೆಯಾದ ಬೆಥನಿ ಬರೋಸಾದ ಮೊದಲ ಜರ್ಮನ್ ಹಳ್ಳಿ. ಅಂಗಡಿ ಇಲ್ಲ, ಹೋಟೆಲಿಲ್ಲ, ಒಂದು ಉದ್ದ ಬೀದಿ ಅಷ್ಟೆ. ಬೀದಿಗೆ ಮುಖ ಮಾಡಿ ಕಲ್ಲಿನ ಮನೆಗಳು, ಪ್ರತಿ ಮನೆಯ ಹಿಂದೆ ಹೊಲ ಲಾಡಿಯಂತೆ ಉದ್ದಕ್ಕೆ ಹರಿದುಕೊಂಡು ಹೋಗಿ ಹಳ್ಳ ಮುಟ್ಟುತ್ತದೆ. ಸೈಲೀಸಿಯಾದಲ್ಲಿ ಊರು ಹೀಗೇ ಇರುತ್ತಿತ್ತಂತೆ. ಪೆಟ್ಟಿಗೆಯಲ್ಲಿ ಹಿಡಿಸದ್ದನ್ನು, ಅಂದರೆ ಹಳ್ಳಿಯ ನಕ್ಷೆಯನ್ನು, ತಲೆಯಲ್ಲಿ ಹೊತ್ತು ತಂದಿದ್ದಾರೆ. ಎಲ್ಲರಿಗೂ ನೀರು, ಎಲ್ಲರಿಗೂ ರಸ್ತೆ. "ಅಣ್ಣತಮ್ಮರ ಪಾಲು ಮಾಡಿದಂಗ ಐತಿ, ಜಗಳಿಲ್ಲದ" ಎಂದಳು ಅವ್ವ. ಸುಗ್ಗಿ ಮುಗಿದ ದ್ರಾಕ್ಷಿ ಬಳ್ಳಿ ಹಳದಿಗೆ ತಿರುಗಿ ಉದುರುತ್ತಿತ್ತು. ಬಿಟ್ಟುಹೋದ ಒಂದೊಂದು ಗೊಂಚಲು ಒಣದ್ರಾಕ್ಷಿಯಾಗಿ ಅಲ್ಲೇ ನೇತಾಡುತ್ತಿತ್ತು.

ಮಧ್ಯಾಹ್ನದ ನಂತರ ತೆರೆದ ಬೇಕರಿಯಲ್ಲಿ ಸ್ಟ್ರೋಯ್ಸೆಲ್‌ಕೂಹೆನ್ ಸಿಕ್ಕಿತು. ಇಲ್ಲಿಯ ಜನ ಅದನ್ನು ಬರೀ 'ಜರ್ಮನ್ ಕೇಕ್' ಅನ್ನುತ್ತಾರೆ. ಮೇಲೆ ಬೆಣ್ಣೆ-ಹಿಟ್ಟಿನ ಪುಡಿಪುಡಿ ಮುಸುಕು. ಇಡೀ ಪ್ರವಾಸದಲ್ಲಿ ಅವ್ವ ಎರಡನೇ ತುಂಡು ಕೇಳಿದ್ದು ಇದೊಂದೇ ಸಲ.

ಉಳಿದುಕೊಂಡಿದ್ದು ಲೈಟ್ ಪಾಸ್ ಹತ್ತಿರದ ಒಂದು ಫಾರ್ಮ್ ಮನೆಯಲ್ಲಿ. ಯಜಮಾನಿಗೆ ಎಪ್ಪತ್ತರ ಮೇಲೆ, ದನಿ ದೊಡ್ಡದು, ಐದನೇ ತಲೆಮಾರು. ನಮ್ಮ ಕ್ವಿನ್ಸ್ ಚೀಲ ನೋಡಿದ್ದೇ, "ಹಸಿಯದನ್ನೇ ತಿಂದಿರಾ?" ಎಂದು ನಕ್ಕು ಒಲೆಯ ಮೇಲೆ ಇಟ್ಟರು. ಮೂರು ತಾಸು ಸಣ್ಣ ಉರಿಯಲ್ಲಿ ಬೆಂದಾಗ ಬಿಳಿಯ ಹಣ್ಣು ತಾನಾಗಿಯೇ ಮಾಣಿಕ್ಯದಂಥ ಕೆಂಪಾಯಿತು. "ಇದು ಗುಳಂಬ" ಎಂದಳು ಅವ್ವ. ಮಾವಿನಕಾಯಿ ಇಲ್ಲ, ಬೆಲ್ಲ ಇಲ್ಲ, ಆದರೂ ಗುಳಂಬವೇ. ಊಟದ ಕೊನೆಗೆ ಯಜಮಾನಿ ಕೊಟ್ಟದ್ದು ರೋಟೆ ಗ್ರುಟ್ಸೆ. ಜರ್ಮನಿಯಲ್ಲಿ ಅದನ್ನು ಕೆಂಪು ಬೆರ್ರಿಗಳಿಂದ ಮಾಡುತ್ತಾರೆ, ಬರೋಸಾದಲ್ಲಿ ಕಪ್ಪು ದ್ರಾಕ್ಷಿಯ ರಸ ಮತ್ತು ಸಬ್ಬಕ್ಕಿ. ನೇರಳೆ ಬಣ್ಣದ ಸಬ್ಬಕ್ಕಿ ಪಾಯಸ, ಮೇಲೆ ಕೆನೆ. ಅವ್ವ ಬಟ್ಟಲು ಕೆರೆದಳು.

ಆ ರಾತ್ರಿ ಪೆಟ್ಟಿಗೆ ತೆರೆಯಿತು. ನಾನು ಕೇಳಿರಲಿಲ್ಲ. ಕೌದಿ ಹೊದ್ದು ಕೂತ ಅವ್ವನನ್ನು ನೋಡಿ, ಅದರ ಹೊಲಿಗೆಯ ಮೇಲೆ ಬೆರಳಾಡಿಸಿ, "ನನ್ನ ಹತ್ತಿರವೂ ಒಂದಿದೆ, ಬನ್ನಿ" ಎಂದು ಯಜಮಾನಿಯೇ ಎದ್ದರು. ಪೈನ್ ಮರದ ಪೆಟ್ಟಿಗೆ, ನೀಲಿ ಬಣ್ಣ ಅಲ್ಲಲ್ಲಿ ಉಳಿದಿದೆ, ಮೂಲೆಗಳಿಗೆ ಕಬ್ಬಿಣದ ಪಟ್ಟಿ, ಮುಚ್ಚಳದ ಒಳಗೆ ಹೆಸರು ಮತ್ತು ಇಸವಿ. ನಾಲ್ಕು ಜನರ ಮನೆಯ ಸಾಮಾನೆಲ್ಲ ಇದರೊಳಗೇ ಬಂದಿತ್ತಂತೆ. ತೆರೆದಾಗ ಬಂದದ್ದು ಕರ್ಪೂರದ್ದೇ ಜಾತಿಯ ವಾಸನೆ.

ಎಲ್ಲಕ್ಕಿಂತ ಮೇಲೆ ಕಪ್ಪು ರೇಷ್ಮೆಯ ಲಂಗ-ರವಿಕೆ. ಮದುವೆಯ ಉಡುಪು. ಕಪ್ಪೇ? ಅವ್ವ ಕೈ ಹಿಂದಕ್ಕೆ ತೆಗೆದುಕೊಂಡಳು. ಆಗ ಈ ಕಡೆಯ ಲೂಥರನ್ ಮದುಮಗಳು ಉಡುತ್ತಿದ್ದುದೇ ಕಪ್ಪು. ಆಮೇಲೆ ಭಾನುವಾರದ ಚರ್ಚಿಗೂ ಅದೇ, ಸಾವಿನ ಮನೆಗೂ ಅದೇ, ಒಂದು ಬಟ್ಟೆ ಮೂರು ಕೆಲಸ. ಗಾಜಿನ ಚೌಕಟ್ಟಿನೊಳಗೆ ಮರ್ಟಲ್ ಎಲೆಯ ಒಣ ದಂಡೆ, ಮದುವೆಯ ದಿನ ತಲೆಗೆ ಮುಡಿದದ್ದು. ನಮ್ಮ ಬಾಸಿಂಗವನ್ನು ಅಟ್ಟದ ಮೇಲೆ ಇಟ್ಟಂತೆ. ಮಕ್ಕಳಿಗೆ ದೀಕ್ಷಾಸ್ನಾನದಲ್ಲಿ ಧರ್ಮ ತಂದೆ-ತಾಯಿ ಕೊಟ್ಟ, ಬಣ್ಣದ ಹೂ ಬಿಡಿಸಿದ ಮಡಿಕೆ ಕಾಗದಗಳು. ಮೂಲೆಯಲ್ಲಿ ಕೆಂಪು ದಾರದಿಂದ ಎರಡಕ್ಷರ ಕಸೂತಿ ಹಾಕಿದ ಲಿನನ್ ಒರೆಸುಬಟ್ಟೆಗಳು, ಡಜನ್ನುಗಟ್ಟಲೆ, ಒಂದನ್ನೂ ಬಿಚ್ಚಿದಂತಿಲ್ಲ. ತಳದಲ್ಲಿ ಹಾಡಿನ ಪುಸ್ತಕ.

ಪುಸ್ತಕದ ಮೊದಲ ಪುಟದಲ್ಲಿ ಕೈಬರಹದ ನಾಲ್ಕು ಸಾಲು. ಯಜಮಾನಿಗೆ ಓದಲು ಬರುವುದಿಲ್ಲ. ಅಚ್ಚಿನ ಫ್ರಾಕ್ಟುರ್ ಅಕ್ಷರ ತಡವರಿಸಿ ಓದುತ್ತಾರೆ, ಈ ಹಳೆಯ ಕೈಬರಹ ಮಾತ್ರ ಆಗದು. ಅವರ ತಂದೆ ಕಲಿಯುವ ಹೊತ್ತಿಗೆ ಶಾಲೆ ಮುಚ್ಚಿತ್ತು, ಪೇಟೆಯಲ್ಲಿ ಜರ್ಮನ್ ಮಾತಾಡಿದರೆ ತೊಂದರೆ. ಅಜ್ಜಿ ಮನೆಯೊಳಗೆ ಮಾತ್ರ ಮಾತಾಡುತ್ತಿದ್ದರು, ಅದೂ ಹೆಚ್ಚಾಗಿ ಬೈಯಲಿಕ್ಕೆ. ನಮ್ಮ ಮನೆಯಲ್ಲೂ ಮುತ್ತಜ್ಜನ ಹೊಲದ ಕಾಗದ ಮೋಡಿ ಲಿಪಿಯಲ್ಲಿದೆ, ಓದುವವರು ಯಾರೂ ಇಲ್ಲ, ಆದರೂ ದಸರೆಗೆ ಪೂಜೆಗಿಡುತ್ತೇವೆ ಎಂದೆ. "ಹಾಗಾದರೆ ನಾನೇ ವಾಸಿ, ನಾನು ಪೂಜೆ ಮಾಡುವುದಿಲ್ಲ" ಎಂದರು.

ಅವ್ವ ಎಲ್ಲವನ್ನೂ ಮುಟ್ಟಿ ನೋಡಿ, ಬಂದ ಕ್ರಮದಲ್ಲೇ ಮಡಚಿ ಇಟ್ಟಳು. ಆಮೇಲೆ ನನ್ನ ಕಡೆ ತಿರುಗಿ, "ಇದೆಲ್ಲಾ ಇಟ್ಟಿದ್ದು. ಬಳಸಿದ್ದು ಎಲ್ಲೈತಿ ಕೇಳು" ಎಂದಳು. ಹೇಗೆ ಕೇಳಲಿ ಎಂದು ನಾನು ತಡೆದೆ. ಅವಳು ಬಿಡಲಿಲ್ಲ. ದಿನಾ ಉಟ್ಟ ಸೀರೆ ಹರಿದು ಕೌದಿಯಾಗುತ್ತದೆ, ಕೌದಿ ಹರಿದು ಕೈಒರಸುವ ಅರಿವೆಯಾಗುತ್ತದೆ, ಅದು ಸವೆದು ಒಲೆಗೆ ಹೋಗುತ್ತದೆ. ಉಳಿಯುವುದು ಉಡದೇ ಇದ್ದ ಸೀರೆ. ಈ ಮೂರು ದಿನದಲ್ಲಿ ನಾನು ನೋಡಿದ್ದೂ ಅದನ್ನೇ: ಬಿಚ್ಚದ ಒರೆಸುಬಟ್ಟೆ, ವಾರಕ್ಕೊಮ್ಮೆ ತೆರೆದ ಪುಸ್ತಕ, ಒಂದು ದಿನ ಮುಡಿದ ದಂಡೆ. ದಿನಬಳಕೆಯ ಸಾಮಾನು ಎಂದು ಫಲಕ ಹಾಕಿದ್ದ ಕಡೆಯೂ ಇದ್ದದ್ದು ದಿನ ಬಳಸಲು ಮನಸ್ಸು ಬಾರದ್ದು. ಕೊನೆಗೆ ಕೇಳಿಯೇಬಿಟ್ಟೆ. ಯಜಮಾನಿ ಸ್ವಲ್ಪ ಯೋಚಿಸಿ, "ಬೆಳಿಗ್ಗೆ ತೋರಿಸುತ್ತೇನೆ" ಎಂದರು.

ನಾಲ್ಕನೇ ದಿನ: ಲೈಟ್ ಪಾಸ್

ರಾತ್ರಿ ಮಳೆ ಬಂತು. ತಗಡಿನ ಮಾಡಿನ ಮೇಲೆ ಮೊದಲ ಹನಿ ಬಿದ್ದಾಗಲೇ ಅವ್ವನಿಗೆ ಎಚ್ಚರ. "ಆ ಟ್ರ್ಯಾಕ್ಟರ್ ಮುದುಕಗ ಛಲೋ ಆತು" ಎಂದು ಕತ್ತಲಲ್ಲೇ ಹೇಳಿದಳು.

ಬೆಳಿಗ್ಗೆ ಹತ್ತಿರದ ಲೂರ್ಸ್ ಕಾಟೇಜಿಗೆ ಹೋಗಿಬಂದೆವು. 1848ರಲ್ಲಿ ಇಲ್ಲಿಯ ಮೊದಲ ಶಾಲಾ ಮೇಷ್ಟ್ರು ಕಟ್ಟಿದ ಮನೆ, ಮಣ್ಣು ಹುಲ್ಲು ಕಲಸಿದ ಕೆಲಸ, ತಲೆ ಬಗ್ಗಿಸಿಯೇ ಒಳಹೋಗಬೇಕು. ಮಳೆ ಬಿದ್ದ ಮಣ್ಣಿನ ಗೋಡೆಯ ವಾಸನೆಗೆ ಅವ್ವ ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತಳು. ಉಳಿದಂತೆ ನೋಡಿದ್ದನ್ನೇ ನೋಡಿದ್ದು, ಬೇಗ ಮುಗಿಯಿತು.

ಫಾರ್ಮ್ ಮನೆಗೆ ವಾಪಸಾದಾಗ ಯಜಮಾನಿ ಅಡುಗೆಮನೆಯಲ್ಲಿ ಒಂದು ಹಲಗೆ ತೆಗೆದಿಟ್ಟಿದ್ದರು. ಎಲೆಕೋಸು ತುರಿಯುವ ಮಣೆ, ನಡುವೆ ಓರೆಯಾಗಿ ಕೂರಿಸಿದ ಅಲಗು. ಮುತ್ತಜ್ಜಿಯದು, ಈಗಲೂ ಸೌತೆಕಾಯಿ ಹೆಚ್ಚುವುದು ಇದರಲ್ಲೇ. ನೂರಕ್ಕೂ ಹೆಚ್ಚು ವರ್ಷ ಅಂಗೈ ತಾಗಿ ತಾಗಿ ಹಲಗೆಯ ಒಂದು ಬದಿ ಬಟ್ಟಲಿನಂತೆ ಸವೆದಿತ್ತು. ಅವ್ವ ತನ್ನ ಕೈಯನ್ನು ಆ ತಗ್ಗಿನಲ್ಲಿ ಇಟ್ಟು ನೋಡಿದಳು. ಹೊಂದಲಿಲ್ಲ. ಮುತ್ತಜ್ಜಿ ಎಡಗೈಯವರು. ಅಲಗನ್ನು ಎರಡು ಸಲ, ಹಿಡಿಯನ್ನು ಒಂದು ಸಲ ಬದಲಾಯಿಸಿದೆ ಎಂದರು. ಹಾಗಿದ್ದರೆ ಹಳೆಯದು ಎಂದು ಉಳಿದಿರುವುದು ಆ ತಗ್ಗು ಒಂದೇ.

"ಇನ್ನೊಂದು ಶೆಡ್ಡಿನಲ್ಲಿದೆ, ತೋರಿಸಲು ನಾಚಿಕೆ" ಎನ್ನುತ್ತ ಹೊರಗೆ ನಡೆದರು. ಸಲಿಕೆ, ಗುದ್ದಲಿ, ದ್ರಾಕ್ಷಿ ಕತ್ತರಿ, ಡೀಸೆಲ್ ವಾಸನೆ. ಮೂಲೆಯಲ್ಲಿ ಮುದಿ ನಾಯಿ, ಅದರ ಕೆಳಗೆ ಬೂದು ಬಣ್ಣದ ದಪ್ಪ ಹಾಸು. ಈ ನೆಲದಲ್ಲಿ ಅದಕ್ಕೆ 'ವಾಗಾ' ಎನ್ನುತ್ತಾರೆ. ಬಡತನದ ದಿನಗಳಲ್ಲಿ ಗೋದಿ, ಹಿಟ್ಟಿನ ಚೀಲಗಳನ್ನು ಬಿಚ್ಚಿ, ನಡುವೆ ಹಳೆಯ ಅಂಗಿ, ಕೋಟು, ಕಾಲುಚೀಲ ಏನು ಸಿಕ್ಕಿತೋ ಅದನ್ನು ತುರುಕಿ, ದಪ್ಪ ದಾರದಲ್ಲಿ ಹೊಲಿದ ಹೊದಿಕೆ. ಜರ್ಮನಿಯಿಂದ ತಂದ ಬಾತುಗರಿಯ ದಿಂಬುಗಾದಿ ಅತಿಥಿಗಳಿಗೆ, ಇದು ಮನೆಯವರಿಗೆ. ಅಜ್ಜಿ ಹೊಲಿದದ್ದು, ಅಪ್ಪ ಹೊದ್ದದ್ದು, ತಾವೂ ಚಿಕ್ಕಂದಿನಲ್ಲಿ ಹೊದ್ದದ್ದು, ಆಮೇಲೆ ಟ್ರ್ಯಾಕ್ಟರ್ ಸೀಟಿಗೆ, ಈಗ ನಾಯಿಗೆ. ಮ್ಯೂಸಿಯಂನವರು ಮನೆಗೆ ಬಂದಾಗ ಇದನ್ನು ತೋರಿಸಲು ಹೊಳೆದಿರಲಿಲ್ಲ ಎಂದರು.

ಅವ್ವ ಆಗಲೇ ನೆಲದ ಮೇಲೆ ಕೂತಾಗಿತ್ತು. ನಾಯಿಯ ಹಿಂಗಾಲಿನ ಪಕ್ಕದ ಅಂಚನ್ನು ಎತ್ತಿ, ಬೆಳಕಿಗೆ ಹಿಡಿದು, ಹೊಲಿಗೆ ಎಣಿಸುತ್ತಿದ್ದಳು. "ದಾರ ಎರಡೆಳಿ ಹಾಕ್ಯಾಳ. ಮೂಲಿಗೆ ಗುಬ್ಬಿ ಹೊಲದಿಲ್ಲ, ಅದಕ್ಕ ಬಿಚ್ಚಾಕತ್ತೈತಿ." ನನ್ನ ಕಡೆ ಕೈ ಚಾಚಿದಳು. "ಬ್ಯಾಗಿನ್ಯಾಗ ದಬ್ಬಣ ಐತಿ, ತಾ."

ದಬ್ಬಣ ವಿಮಾನದಲ್ಲಿ ಹೇಗೆ ಬಂತು ಎಂದು ನಾನು ಕೇಳಲಿಲ್ಲ. ಯಜಮಾನಿ ಶೆಡ್ಡಿನ ಕಪಾಟಿನಿಂದ ಚೀಲ ಹೊಲಿಯುವ ದಾರದ ಉಂಡೆ ತಂದರು. ನಾಯಿಯನ್ನು ಎಬ್ಬಿಸಲು ಹೋದರು, ಅದು ಏಳಲಿಲ್ಲ. "ಇರಲಿ ಬಿಡ್ರಿ" ಎಂದು ಅವ್ವ ಕನ್ನಡದಲ್ಲೇ ಹೇಳಿ, ನಾಯಿಯ ಬಾಲವನ್ನು ಮೆಲ್ಲಗೆ ಬದಿಗೆ ಸರಿಸಿ, ಮೊದಲ ಹೊಲಿಗೆ ಹಾಕಿದಳು.